ಒಂಟಿಯಾಗಿ ದ್ವೀಪಯಾನ: ಸಿದ್ಧತೆ ಕೊನೆಯ ದೋಣಿಯಿಂದ ಆರಂಭವಾಗಲಿ

ದಾವಣಗೆರೆ: ತುಂಗಭದ್ರೆಯ ನೀರು ಕುಡಿದು ಬೆಳೆದ ಹರಿಹರ, ದಾವಣಗೆರೆಯ ಜನರಿಗೆ ಹೊಳೆ ಹೊಸದಲ್ಲ, ಕಡಲು ಹೊಸದು. ಬೆನ್ನಿಗೆ ಚೀಲ ಏರಿಸಿ ಒಬ್ಬರೇ ದ್ವೀಪ ನೋಡಿಬರಲು ಬಯಸುವವರಿಗೆ ಇಲ್ಲಿಂದ ಅನುಕೂಲವಾದ ತಾಣವೆಂದರೆ ಉಡುಪಿ ಬಳಿಯ ಮಲ್ಪೆಯ ಎದುರಿಗಿರುವ ಸೇಂಟ್ ಮೇರೀಸ್ ದ್ವೀಪ. ಬಸ್ಸು ತಪ್ಪಿದರೆ ಮತ್ತೊಂದು ಬಸ್ಸಿಗೆ ಕಾಯಬಹುದು. ಸಂಜೆಯ ಕೊನೆಯ ದೋಣಿ ತಪ್ಪಿದರೆ ದ್ವೀಪದಲ್ಲಿ ತಂಗಲು ವಸತಿಯೂ ಇಲ್ಲ, ಅನುಮತಿಯೂ ಇಲ್ಲ. ಆದ್ದರಿಂದ ಮರಳುವ ದೋಣಿಯ ಸಮಯವನ್ನು ಮೊದಲು ತಿಳಿದು, ಉಳಿದ ಲೆಕ್ಕವನ್ನು ಅಲ್ಲಿಂದ ಹಿಂದಕ್ಕೆ ಹಾಕುವುದು ಕ್ಷೇಮ.

ಏನಿದೆ ಅಲ್ಲಿ?

ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭಾರತದ ಭೂಭಾಗದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಉಕ್ಕಿದ ಶಿಲಾರಸ ತಣಿದು, ಕುಗ್ಗಿ, ಸೀಳುಬಿಟ್ಟು ಇಲ್ಲಿನ ಕಂಬಶಿಲೆಗಳಾಗಿವೆ. ಐದಾರು ಮುಖಗಳ ಈ ಕಲ್ಲುಕಂಬಗಳಿಂದಾಗಿ ಈ ತಾಣ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆನಿಸಿದೆ. 1498ರಲ್ಲಿ ವಾಸ್ಕೋ ಡ ಗಾಮಾ ಇಲ್ಲಿ ಇಳಿದು ಮೇರಿಯ ಹೆಸರಿಟ್ಟನೆಂಬ ಪ್ರತೀತಿಯಿದೆ.

ಯಾವಾಗ, ಹೇಗೆ?

ಮಳೆಗಾಲದಲ್ಲಿ, ಸಾಮಾನ್ಯವಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಪ್ರವಾಸಿ ದೋಣಿಗಳು ಸಂಚರಿಸುವುದಿಲ್ಲ. ಉಳಿದ ತಿಂಗಳುಗಳಲ್ಲಿಯೂ ಕಡಲು ಪ್ರಕ್ಷುಬ್ಧವಾದರೆ ಸಂಚಾರ ನಿಲ್ಲುತ್ತದೆ. ಡಿಸೆಂಬರ್‌ನಿಂದ ಫೆಬ್ರುವರಿವರೆಗಿನ ಅವಧಿ ಹಿತಕರ.

ದಾವಣಗೆರೆಯಿಂದ ಹರಿಹರ, ಮಲೇಬೆನ್ನೂರು, ಹೊನ್ನಾಳಿ, ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ ಘಾಟಿಯ ಮೂಲಕ ಉಡುಪಿಗೆ ಸುಮಾರು 240 ಕಿ.ಮೀ. ಶಿವಮೊಗ್ಗದಲ್ಲಿ ಬಸ್ಸು ಬದಲಿಸಬೇಕಾಗಬಹುದು. ಈ ದಾರಿಗೇ ಹಗಲಿನ ಬಹುಪಾಲು ಬೇಕಾಗುವುದರಿಂದ ಮೊದಲ ದಿನ ಉಡುಪಿಯಲ್ಲಿ ತಂಗಿ, ಮರುದಿನ ಬೆಳಿಗ್ಗೆ ಆರು ಕಿ.ಮೀ. ದೂರದ ಮಲ್ಪೆಗೆ ಹೋಗುವುದು ಸೂಕ್ತ.

ನಿಗದಿತ ಸಂಖ್ಯೆಯ ಪ್ರಯಾಣಿಕರು ಸೇರಿದ ಮೇಲೆಯೇ ದೋಣಿ ಹೊರಡುತ್ತದೆ. ವಾರದ ದಿನಗಳಲ್ಲಿ ಜನ ಕಡಿಮೆಯಿದ್ದು, ಒಬ್ಬರೇ ಬಂದವರು ಹೆಚ್ಚು ಹೊತ್ತು ಕಾಯಬೇಕಾದೀತು. ರಜಾ ದಿನಗಳಲ್ಲಿ ದೋಣಿ ಬೇಗ ತುಂಬುತ್ತದೆ, ಆದರೆ ಮರಳುವಾಗ ಸಾಲು ದೊಡ್ಡದಿರುತ್ತದೆ. ಟಿಕೆಟ್ ಪಡೆಯುವಾಗಲೇ ಕೊನೆಯ ದೋಣಿಯ ವೇಳೆ ಕೇಳಿಕೊಂಡು, ಅದಕ್ಕಿಂತ ಒಂದು ದೋಣಿ ಮೊದಲೇ ಮರಳುವುದು ಒಳಿತು.

ಚೀಲ ಎರಡಿರಲಿ

ದೊಡ್ಡ ದೋಣಿ ದಡದವರೆಗೆ ಹೋಗಲಾಗದೆ, ನಡುನೀರಿನಲ್ಲಿ ಪ್ರಯಾಣಿಕರನ್ನು ಸಣ್ಣ ದೋಣಿಗೆ ಇಳಿಸುವುದುಂಟು. ಆಗ ಎರಡೂ ಕೈ ಖಾಲಿ ಇರಬೇಕು. ಬಟ್ಟೆಬರೆಯ ದೊಡ್ಡ ಚೀಲವನ್ನು ಉಡುಪಿಯ ವಸತಿಗೃಹದಲ್ಲೇ ಬಿಟ್ಟು, ಬೆನ್ನಿಗೆ ಹಗುರವಾದ ಸಣ್ಣ ಚೀಲ ಮಾತ್ರ ಒಯ್ಯಬೇಕು. ಅದರಲ್ಲಿ ಇರಬೇಕಾದವು:

* ಸ್ಟೀಲ್ ಬಾಟಲಿಯಲ್ಲಿ ಕುಡಿಯುವ ನೀರು
* ಟೋಪಿ, ತೆಳು ಟವೆಲ್, ಒಂದು ಜೊತೆ ಒಣ ಬಟ್ಟೆ
* ಮೊಬೈಲ್, ಗುರುತಿನ ಚೀಟಿ, ಹಣ ಇಡಲು ನೀರು ನುಗ್ಗದ ಪುಟ್ಟ ಚೀಲ
* ಗಾಯಕ್ಕೆ ಹಚ್ಚುವ ಮುಲಾಮು, ಪಟ್ಟಿ
* ದಿನನಿತ್ಯದ ಔಷಧಿ

ಕಾಲಿಗೆ ಹಿಂಬದಿ ಪಟ್ಟಿಯುಳ್ಳ ಚಪ್ಪಲಿ ಇರಲಿ. ಪಾಚಿಗಟ್ಟಿದ ಬಂಡೆಯ ಮೇಲೆ ಹವಾಯಿ ಚಪ್ಪಲಿ ಜಾರುತ್ತದೆ. ದ್ವೀಪಕ್ಕೆ ಆಹಾರ, ಪ್ಲಾಸ್ಟಿಕ್, ಮದ್ಯ ಒಯ್ಯುವುದಕ್ಕೆ ನಿರ್ಬಂಧವಿರುವುದರಿಂದ ಮನೆಯಿಂದ ಕಟ್ಟಿಕೊಂಡ ಮಂಡಕ್ಕಿ, ಚಪಾತಿ, ಶೇಂಗಾ ಚಟ್ನಿಪುಡಿ ಬಸ್ಸಿನ ದಾರಿಗಷ್ಟೇ. ದೋಣಿ ಹತ್ತುವ ಮುನ್ನ ಮಿತವಾಗಿ ಉಂಡಿರಬೇಕು. ಘಾಟಿಯ ತಿರುವುಗಳಲ್ಲಿ ವಾಂತಿಯಾಗುವವರಿಗೆ ದೋಣಿಯಲ್ಲಿಯೂ ಆಗುವ ಸಂಭವ ಹೆಚ್ಚು. ಮಾತ್ರೆಯ ಬಗ್ಗೆ ವೈದ್ಯರನ್ನು ಮೊದಲೇ ಕೇಳಿಕೊಳ್ಳಬೇಕು.

ಹೊಳೆಯ ಈಜು ಸಾಲದು

ಹರಿಹರದ ಹೊಳೆಯಲ್ಲಿ ಈಜು ಕಲಿತವರು ಕಡಲನ್ನು ಅದೇ ಅಳತೆಯಲ್ಲಿ ನೋಡಬಾರದು. ಹೊಳೆಯ ನೀರು ಒಂದೇ ದಿಕ್ಕಿಗೆ ಎಳೆಯುತ್ತದೆ. ಅಲೆ ಮೊದಲು ಬಂಡೆಗೆ ಅಪ್ಪಳಿಸಿ, ಬಳಿಕ ಒಳಕ್ಕೆ ಎಳೆಯುತ್ತದೆ. ಭರತ ಏರಿದಂತೆ, ಬೆಳಿಗ್ಗೆ ಒಣಗಿದ್ದ ಬಂಡೆ ಮಧ್ಯಾಹ್ನ ನೀರಿನಡಿ ಸೇರಬಹುದು. 2022ರ ಏಪ್ರಿಲ್‌ನಲ್ಲಿ ಪ್ರವಾಸ ಬಂದಿದ್ದ ಕೇರಳದ ಮೂವರು ವಿದ್ಯಾರ್ಥಿಗಳು ಈ ದ್ವೀಪದಲ್ಲಿಯೇ ಸಮುದ್ರಪಾಲಾದರು. ಗುಂಪಿನಲ್ಲಿ ಹೋದವರಿಗೇ ಇಂಥ ಗತಿಯಾದರೆ, ಒಬ್ಬರೇ ಇರುವವರು ಜಾರಿದ್ದನ್ನು ನೋಡುವವರೂ ಇರಲಾರರು. ಆದ್ದರಿಂದ ದೋಣಿಯಲ್ಲಿ ಜೀವರಕ್ಷಕ ಜಾಕೆಟ್ ಕಳಚಬಾರದು. ಭಾವಚಿತ್ರಕ್ಕಾಗಿ ಅಂಚಿನ ಬಂಡೆ ಏರಬಾರದು. ಜನರಿಲ್ಲದ ಬದಿಯಲ್ಲಿ ನೀರಿಗಿಳಿಯಬಾರದು.

ವಸತಿಗೃಹದ ಹೆಸರು, ದೂರವಾಣಿ ಸಂಖ್ಯೆ, ಮರಳುವ ಹೊತ್ತು ಇವನ್ನು ಚೀಟಿಯಲ್ಲಿ ಬರೆದು ಮನೆಯಲ್ಲಿ ಕೊಟ್ಟಿರಬೇಕು. ದಡಕ್ಕೆ ಮರಳಿದೊಡನೆ ಒಂದು ಕರೆ ಮಾಡುವುದಾಗಿ ಹೇಳಿ, ತಪ್ಪದೆ ಮಾಡಬೇಕು. ತುರ್ತು ನೆರವಿಗೆ 112, ಕರಾವಳಿ ಕಾವಲು ಪೊಲೀಸ್ 1093, ಕೋಸ್ಟ್ ಗಾರ್ಡ್ 1554 ಸಂಖ್ಯೆಗಳು ಮೊಬೈಲಿನಲ್ಲಷ್ಟೇ ಅಲ್ಲ, ಜೇಬಿನ ಕಾಗದದಲ್ಲೂ ಇರಲಿ.

ದ್ವೀಪದಲ್ಲೇ ರಾತ್ರಿ ಕಳೆಯುವ ಆಸೆಯಿದ್ದವರು ಲಕ್ಷದ್ವೀಪದತ್ತ ನೋಡಬೇಕು. ಅದಕ್ಕೆ ಭಾರತೀಯರಿಗೂ ಪ್ರವೇಶ ಪರವಾನಗಿ ಕಡ್ಡಾಯ; ಕೊಚ್ಚಿಯಿಂದ ಹಡಗಿನ ಪ್ರಯಾಣವೇ ಹಲವು ಗಂಟೆಗಳದು. ಮೊದಲ ಬಾರಿಗೆ ಒಬ್ಬರೇ ಹೊರಟವರಿಗೆ ಮಲ್ಪೆಯ ಅರ್ಧ ದಿನದ ಯಾನವೇ ಒಳ್ಳೆಯ ಅಭ್ಯಾಸ.