ಪಾವ್ ಪದದ ಫ್ರೆಂಚ್ ನಂಟರು

ಅಕಿವಾಟದ ಅಂಗಡಿಯ ಮುಂದೆ ನಿಂತ ಬಾಲಕನೊಬ್ಬ “ನಾಲ್ಕು ಪಾವ್ ಕೊಡ್ರಿ” ಎಂದು ಕೇಳುತ್ತಾನೆ. ಆ ಪದ ಎಲ್ಲಿಂದ ಬಂದಿತೆಂದು ಯಾರೂ ವಿಚಾರಿಸುವುದಿಲ್ಲ. ಕಾಲುಭಾಗವೆಂಬ ಅರ್ಥದಿಂದ ಪಾವ್ ಎಂದಾಯಿತೆಂದು ಕೆಲವರು, ಹಿಟ್ಟನ್ನು ಕಾಲಿನಿಂದ ತುಳಿದು ನಾದುತ್ತಿದ್ದುದರಿಂದ ಆ ಹೆಸರು ಬಂದಿತೆಂದು ಮತ್ತೆ ಕೆಲವರು ಹೇಳುವುದುಂಟು. ಆದರೆ ಅದು ಪೋರ್ಚುಗೀಸರ ‘ಪಾಂವ್’. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರು ತಂದ ಈ ಪದ ಕೊಂಕಣಿ, ಮರಾಠಿಗಳಲ್ಲಿ ನೆಲೆಗೊಂಡು ನಮ್ಮ ಮನೆಗಳಿಗೂ ಬಂದಿತು.

ಇದರ ಮೂಲ ಲ್ಯಾಟಿನ್ ಭಾಷೆಯ ‘ಪಾನಿಸ್’, ಅರ್ಥ, ರೊಟ್ಟಿ. ಅದೇ ಪದ ಫ್ರೆಂಚಿನಲ್ಲಿ ‘ಪ್ಯಾಂ’ ಆಯಿತು. ಫ್ರೆಂಚರು ಗೆಳೆಯನನ್ನು ‘ಕೊಪ್ಯಾಂ’ ಎನ್ನುತ್ತಾರೆ. ‘ಕೊ’ ಎಂದರೆ ಜೊತೆ. ರೊಟ್ಟಿಯನ್ನು ಹಂಚಿಕೊಂಡು ಉಣ್ಣುವವನೇ ಗೆಳೆಯ. ಇದೇ ಬಳ್ಳಿಯಿಂದ ಹಳೆಯ ಫ್ರೆಂಚ್ ಮತ್ತು ಇಂಗ್ಲಿಷ್ ಮಾರ್ಗವಾಗಿ ‘ಕಂಪನಿ’ ಬಂದಿತು. ನ್ಯಾಯಾಲಯದ ಕಾಗದಗಳಲ್ಲಿ ನಾನು ನಿತ್ಯವೂ ಬರೆಯುವ ಈ ಪದದ ಒಡಲಲ್ಲಿ ರೊಟ್ಟಿಯಿದೆ! 1884ರಲ್ಲಿ ಸ್ಥಾಪನೆಯಾದ ನಾಟಕ ಮಂಡಳಿಯನ್ನು ಕನ್ನಡಿಗರು ಗುಬ್ಬಿ ಕಂಪನಿ ಎಂದೇ ಕರೆದರು. ಊರೂರು ತಿರುಗಿ ಕೂಡಿ ಉಂಡ ಕಲಾವಿದರಿಗೆ ಆ ಹೆಸರು ಒಪ್ಪುವಂಥದೇ.

ಇದನ್ನೇಕೆ ಹೇಳುತ್ತಿದ್ದೇನೆ? ಗಡಿಭಾಗದ ಮಕ್ಕಳ ಕನ್ನಡ ಬೆರಕೆಯದೆಂದು ಹಳಿಯುವವರಿದ್ದಾರೆ. ಆ ಮಾತಿಗೆ ನಾಚಿ ಕನ್ನಡ ಶಾಲೆಯನ್ನೇ ಬಿಡಿಸುವ ಪಾಲಕರೂ ಇದ್ದಾರೆ. ಪದಗಳು ಗಡಿ ದಾಟುವುದು ಲೋಕರೂಢಿ. ಫ್ರೆಂಚರ ಉದ್ದನೆಯ ರೊಟ್ಟಿಯಾದ ‘ಬಗೆತ್’ನ ಹೆಸರೂ ಸಣ್ಣ ಕೋಲು ಎಂಬ ಅರ್ಥದ ಇಟಾಲಿಯನ್ ಪದದಿಂದ ಬಂದುದೇ. ನಮ್ಮ ಮಗು “ಪಾವನ್ನು ಹಂಚಿಕೊಂಡೆವು” ಎಂದಾಗ ಪದ ಪರದೇಶದ್ದು, ವಿಭಕ್ತಿ ಕನ್ನಡದ್ದು, ಕ್ರಿಯಾಪದವೂ ಕನ್ನಡದ್ದು. ಬಂದ ಪದದಿಂದ ಭಾಷೆ ಕೆಡದು. ಮನೆಯಲ್ಲಿದ್ದ ಪದಗಳು ಹೊರಟುಹೋದರೆ ಬಡವಾಗುತ್ತದೆ.

ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣ ದೊರಕಿಸಲು ಸರ್ಕಾರಗಳು ಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. 1956ರಲ್ಲಿ ಸೇರಿದ ಈ ವಿಧಿ ಶಾಲೆಯನ್ನು ಕೇಳುವ ಬಲವನ್ನು ನಮಗೆ ಕೊಡುತ್ತದೆ. ಅಡುಗೆಮನೆಯ ಮಾತನ್ನು ಮಾತ್ರ ನಾವೇ ಉಳಿಸಬೇಕು. ಪಾವ್ ಬರಲಿ, ಅದರ ಪಕ್ಕದಲ್ಲಿ ಜೋಳದ ರೊಟ್ಟಿ, ಝುಣಕ, ಬುತ್ತಿ ಎಂಬ ಪದಗಳೂ ಮಕ್ಕಳ ನಾಲಗೆಯ ಮೇಲಿರಲಿ. ಶಾಲೆಯಲ್ಲಿ ಬುತ್ತಿ ಬಿಚ್ಚಿ ಹಂಚಿಕೊಳ್ಳುವ ಮಕ್ಕಳಿಗೆ ‘ಕೊಪ್ಯಾಂ’ ಪದದ ಅರ್ಥವನ್ನು ಬೇರೆಯಾಗಿ ಕಲಿಸಬೇಕಾಗಿಲ್ಲ.