ಗಡ್ಡದಿಂದ ಗಿರವಿ ಅಂಗಡಿಗೆ

ಮಾಸ್ಕೋದಲ್ಲಿ ಮೆಡಿಕಲ್ ಓದುತ್ತಿರುವ ಮಗಳು ಅಂಗಡಿಯೊಂದರ ಬೋರ್ಡಿನ ಫೋಟೊ ಕಳಿಸಿದ್ದಳು. 'ಲೊಂಬಾರ್ಡ್' ಅಂತಿತ್ತು. "ಇಲ್ಲಿ ಗಿರವಿ ಅಂಗಡಿಗೆ ಹೀಗಂತಾರಮ್ಮ" ಎಂದಳು. ಅವಳ ಫೀಸಿಗಾಗಿ ನನ್ನ ಬಳೆಗಳೂ ಗಿರವಿಯಲ್ಲೇ ಇವೆಯಲ್ಲ, ಆ ಪದದ ಬೆನ್ನು ಹತ್ತಿದೆ.

ಸಿಕ್ಕಿದ್ದು ಗಡ್ಡ! ಲೊಂಬಾರ್ಡರೆಂದರೆ 'ಉದ್ದ ಗಡ್ಡದವರು'. ಜರ್ಮನ್ ಮೂಲದ ಒಂದು ಬುಡಕಟ್ಟು. ಮೊದಲ ಹೆಸರು ವಿನ್ನಿಲಿ. 8ನೇ ಶತಮಾನದ ಸನ್ಯಾಸಿ ಪೌಲ್ ಒಂದು ಕಥೆ ಬರೆದಿಟ್ಟಿದ್ದಾನೆ (ನಗೆಪಾಟಲಿನ ಕಥೆಯೆಂದು ತಾನೇ ಹೇಳಿಕೊಂಡು!). ಯುದ್ಧದ ಬೆಳಗ್ಗೆ ಹೆಂಗಸರೂ ತಲೆಗೂದಲನ್ನು ಗಡ್ಡದಂತೆ ಮುಖದ ಮೇಲೆ ಇಳಿಬಿಟ್ಟು ಗಂಡಸರ ಜೊತೆ ನಿಂತರಂತೆ. ಯಾರಪ್ಪಾ ಈ ಉದ್ದಗಡ್ಡದವರು ಎಂದು ಗೊಡಾನ್ ದೇವರು ಬೆರಗಾದನಂತೆ. ಹೆಸರಿಟ್ಟ ತಪ್ಪಿಗೆ ಗೆಲುವನ್ನೂ ಕೊಡಬೇಕಾಯಿತು.

568ರಲ್ಲಿ ಅವರು ಇಟಲಿಗೆ ನುಗ್ಗಿ ನೆಲೆಸಿದರು. ಮಿಲಾನ್ ಸುತ್ತಲಿನ ಸೀಮೆ ಲೊಂಬಾರ್ಡಿ ಆಯಿತು. ಮುಂದೆ ಮಧ್ಯಯುಗದಲ್ಲಿ ಉತ್ತರ ಇಟಲಿಯ ವರ್ತಕರು ಯುರೋಪಿನ ಊರೂರಲ್ಲಿ ಒಡವೆ ಅಡವಿಟ್ಟುಕೊಂಡು ಸಾಲ ಕೊಟ್ಟರು. ಯಾವ ಪಟ್ಟಣದವರಾದರೂ ಜನರ ಬಾಯಲ್ಲಿ ಎಲ್ಲರೂ ಲೊಂಬಾರ್ಡರೇ. ಲಂಡನ್ನಿನ ಲೊಂಬಾರ್ಡ್ ಸ್ಟ್ರೀಟ್ ಹೆಸರೂ ಅವರದೇ. ಪೋಲೆಂಡ್, ರಷ್ಯಾಗಳಲ್ಲಿ ಅಂಗಡಿಗೇ ಆ ಹೆಸರು ನಿಂತಿತು.

ಈ ತಿಂಗಳು ಬಡ್ಡಿ ಕಟ್ಟಲು ಹೋದಾಗ ನಮ್ಮ ಅಂಗಡಿಯವರ ಗಲ್ಲವನ್ನೇ ನೋಡಿದೆ. ನುಣ್ಣಗಿತ್ತು.