ಚಿಮಣಿಯಲ್ಲಿ ಹಾರುವ ಸೌದೆ ದುಡ್ಡು

ಕಳಸದ ಮಗ್ಗುಲಲ್ಲಿ ಹರಿಯುವ ಭದ್ರೆ ಮುಂದೆ ಭದ್ರಾವತಿ ಮುಟ್ಟುತ್ತಾಳೆ. ಅಲ್ಲಿ 1923ರಲ್ಲಿ ಶುರುವಾದ ಕಬ್ಬಿಣದ ಕಾರ್ಖಾನೆಯ ಹೆಸರಲ್ಲೇ ‘ವುಡ್ ಡಿಸ್ಟಿಲೇಷನ್’ ಇತ್ತು. ಸೌದೆಯನ್ನು ಸುಮ್ಮನೆ ಸುಡದೆ, ಗಾಳಿಯಾಡದಂತೆ ಮುಚ್ಚಿ ಕಾಯಿಸಿ ಇದ್ದಿಲು ಮಾಡಿದರು. ಹೊರಟ ಆವಿಯನ್ನೂ ಬಿಡದೆ ತಣಿಸಿ ಟಾರು, ಮರದ ಸ್ಪಿರಿಟ್ಟು ಹಿಡಿದರು.

ನಮ್ಮ ಹೋಟೆಲ್ ಒಲೆ ನೋಡಿ ಸ್ವಾಮಿ! ಮಳೆಗಾಲದ ಹಸಿ ಸೌದೆ. ಕುದಿಯೋ ನೀರು ಒಂದು ಕಿಲೋ ಆವಿಯಾಗಲು ಸುಮಾರು 540 ಕಿಲೋಕ್ಯಾಲರಿ ಶಾಖ ಬೇಕು. ಸೌದೆಯೊಳಗಿನ ನೀರು ಅದನ್ನು ನುಂಗಿ ಚಿಮಣಿಯಲ್ಲಿ ಹಾರಿಹೋಗುತ್ತೆ. ದಂಡ ತೆರೋರು ಯಾರು? ಮಾಲೀಕರು, ಆಮೇಲೆ ಗಿರಾಕಿ.

ನಾಳಿನ ಸೌದೆಯನ್ನು ಒಲೆ ಮೇಲಿನ ಅಟ್ಟದಲ್ಲಿ ಒಣಗಿಸೋದು ಮಲೆನಾಡಿನ ಅಜ್ಜಿಯರಿಗೆ ಯಾರೂ ಕಲಿಸಿದ್ದಲ್ಲ. ಹೊಗೆ ಹೋಗೋ ದಾರಿಯಲ್ಲೊಂದು ಹಂಡೆ ಕೂರಿಸಿದರೆ ಲೋಟ ತೊಳೆಯೋ ಬಿಸಿನೀರು ಪುಕ್ಕಟೆ.